ಕಾಣಿಕೆಯ ರೊಟ್ಟಿ ಯಾರ ದುಡಿಮೆಯದ್ದು? – ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರ ಜೀವನ

ಕ್ರೈಸ್ತಸಭೆಯ ಇತಿಹಾಸದಲ್ಲಿ ಬಡವರಿಗೆ ದಾನ ಮಾಡಿದ ಧರ್ಮಗುರುಗಳೂ ಬಿಷಪರೂ ಬಹಳ ಮಂದಿ ಇದ್ದಾರೆ. ಆದರೆ ತನ್ನ ಕೈಯಲ್ಲಿರುವ ಸಂಪತ್ತೇ ಬಡವರಿಂದ ಕಿತ್ತುಕೊಂಡದ್ದು ಎಂದು ಅರಿತು, ಅದನ್ನು ಎಲ್ಲರೆದುರು ಒಪ್ಪಿಕೊಂಡು, ಬಿಟ್ಟುಕೊಟ್ಟು, ಉಳಿದ ಐವತ್ತು ವರ್ಷಗಳನ್ನು ಅದೇ ಬಡವರ ನ್ಯಾಯಕ್ಕಾಗಿ ಸವೆಸಿದವರು ವಿರಳ. ಅಂಥವರಲ್ಲಿ ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಒಬ್ಬರು. ಪ್ರತಿ ವರ್ಷ ಜುಲೈ 18 ಅವರ ಪುಣ್ಯದಿನ. ಅವರ ಜೀವನವನ್ನು ಓದುವಾಗ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ದಯೆ ತೋರಿಸಿದರೆ ಸಾಕೇ, ಅಥವಾ ಪ್ರಭು ಯೇಸು ನಮ್ಮಿಂದ ನ್ಯಾಯವನ್ನೂ ಕೇಳುತ್ತಾರೆಯೇ?

ಸೆವಿಲ್‌ನ ವ್ಯಾಪಾರಿಯ ಮಗ

ಬಾರ್ತೊಲೊಮೆ ಹುಟ್ಟಿದ್ದು 1484ರಲ್ಲಿ, ಸ್ಪೇನ್ ದೇಶದ ಸೆವಿಲ್ ನಗರದಲ್ಲಿ. ತಂದೆ ಪೆದ್ರೊ ದೆ ಲಾಸ್ ಕಾಸಾಸ್ ವ್ಯಾಪಾರಿ. 1492ರಲ್ಲಿ ಕ್ರಿಸ್ತೋಫರ್ ಕೊಲಂಬಸ್ ಪಶ್ಚಿಮ ದಿಕ್ಕಿಗೆ ಪಯಣಿಸಿ ಕೆರಿಬಿಯನ್ ದ್ವೀಪಗಳನ್ನು ತಲುಪಿದ. ತಾನು ನಮ್ಮ ಇಂಡಿಯಾದ ಬಳಿಗೆ ಬಂದಿದ್ದೇನೆಂದು ತಿಳಿದು ಅಲ್ಲಿಯ ಜನರನ್ನು ಇಂಡಿಯನ್ನರು ಎಂದು ಕರೆದ. ಆ ತಪ್ಪು ಹೆಸರೇ ಮುಂದೆ ಉಳಿದುಬಿಟ್ಟಿತು. ಮರುವರ್ಷ ಕೊಲಂಬಸ್ ಸೆವಿಲ್‌ಗೆ ಬಂದಾಗ ಅವನ ಜೊತೆಗಿದ್ದ ಮೂಲನಿವಾಸಿಗಳನ್ನು ಬಾಲಕ ಬಾರ್ತೊಲೊಮೆ ಕಣ್ಣಾರೆ ಕಂಡರು. ಕೊಲಂಬಸನ ಎರಡನೆಯ ಯಾನದಲ್ಲಿ ತಂದೆ ಪೆದ್ರೊ ಕೂಡ ಹೊರಟರು. ಹಿಂದಿರುಗುವಾಗ ಮೂಲನಿವಾಸಿ ಯುವಕನೊಬ್ಬನನ್ನು ಗುಲಾಮನಾಗಿ ತಂದು ಮಗನಿಗೆ ಕೊಟ್ಟರು. 1500ರಲ್ಲಿ ರಾಣಿ ಇಸಾಬೆಲ್ಲಾ ಹೀಗೆ ತಂದವರನ್ನು ಹಿಂದಕ್ಕೆ ಕಳುಹಿಸಬೇಕೆಂದು ಆಜ್ಞೆ ಮಾಡಿದ್ದರಿಂದ ಆ ಯುವಕ ಊರಿಗೆ ಮರಳಿದ.

1502ರಲ್ಲಿ ಹೊಸ ರಾಜ್ಯಪಾಲ ನಿಕೊಲಾಸ್ ದೆ ಒವಾಂದೊ ಅವರ ಜೊತೆ ಸುಮಾರು 30 ಹಡಗುಗಳಲ್ಲಿ 2,500ರಷ್ಟು ಜನ ಹಿಸ್ಪಾನಿಯೋಲಾ ದ್ವೀಪಕ್ಕೆ ಹೊರಟರು. ಇಂದು ಹೈತಿ ಮತ್ತು ದೊಮಿನಿಕನ್ ಗಣರಾಜ್ಯ ಇರುವ ದ್ವೀಪ ಅದು. ಆ ಗುಂಪಿನಲ್ಲಿ ಪೆದ್ರೊ ಮತ್ತು ಬಾರ್ತೊಲೊಮೆ ಇಬ್ಬರೂ ಇದ್ದರು. ಬಹುತೇಕ ಎಲ್ಲರ ಕಣ್ಣು ಇದ್ದದ್ದು ಚಿನ್ನದ ಮೇಲೆ. ಯುವಕ ಬಾರ್ತೊಲೊಮೆ ಅವರಿಗೂ ಜಮೀನು ಸಿಕ್ಕಿತು, ದುಡಿಯಲು ಮೂಲನಿವಾಸಿಗಳು ಸಿಕ್ಕಿದರು. ಮುಂದೆ ಅವರು ಗುರುದೀಕ್ಷೆ ಪಡೆದರು. 1510ರಲ್ಲಿ ಆ ದ್ವೀಪದಲ್ಲಿಯೇ ತಮ್ಮ ಮೊದಲ ಹಾಡುಪೂಜೆಯನ್ನು ಅರ್ಪಿಸಿದರು. ಧರ್ಮಗುರುವಾದರೂ ಜಮೀನನ್ನು ಬಿಡಲಿಲ್ಲ, ಆಳುಗಳನ್ನೂ ಬಿಡಲಿಲ್ಲ.

ಒಪ್ಪಿಸಿಕೊಡುವ ಪದ್ಧತಿ

ಅಂದಿನ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಸ್ಪೇನಿನ ಅರಸರು ಒಬ್ಬೊಬ್ಬ ಸ್ಪೇನಿಗನಿಗೆ ಇಂತಿಷ್ಟು ಮೂಲನಿವಾಸಿಗಳು ಎಂದು ಒಪ್ಪಿಸಿಕೊಡುತ್ತಿದ್ದರು. ಇದಕ್ಕೆ ಎನ್‌ಕೊಮಿಯೆಂದಾ ಎಂದು ಹೆಸರು. ಕಾಗದದ ಮೇಲೆ ಇದು ಧರ್ಮಕಾರ್ಯದಂತೆ ಕಾಣುತ್ತಿತ್ತು. ಒಡೆಯನು ಆ ಜನರನ್ನು ಕಾಪಾಡಬೇಕು, ಅವರಿಗೆ ಕ್ರೈಸ್ತ ಧರ್ಮೋಪದೇಶ ಕೊಡಬೇಕು. ಬದಲಿಗೆ ಅವರು ಅವನ ಗಣಿಯಲ್ಲಿ, ಹೊಲದಲ್ಲಿ ದುಡಿಯಬೇಕು. ವಾಸ್ತವದಲ್ಲಿ ಉಪದೇಶ ಹೆಸರಿಗೆ ಮಾತ್ರ. ಗಂಡಸರನ್ನು ಚಿನ್ನ ತೊಳೆಯಲು ತಿಂಗಳುಗಟ್ಟಲೆ ದೂರ ಒಯ್ಯುತ್ತಿದ್ದರು. ಹೆಂಗಸರು ಹೊಲದಲ್ಲಿ ಬಸವಳಿಯುತ್ತಿದ್ದರು. ತಾಯಂದಿರ ಎದೆಯಲ್ಲಿ ಹಾಲು ಬತ್ತಿ ಕೂಸುಗಳು ಸಾಯುತ್ತಿದ್ದವು. ಹಸಿವು, ಹೊಡೆತ, ಹೊರಗಿನಿಂದ ಬಂದ ರೋಗಗಳು ಸೇರಿ ಕೆಲವೇ ದಶಕಗಳಲ್ಲಿ ಆ ದ್ವೀಪಗಳ ಮೂಲನಿವಾಸಿಗಳ ಪೈಕಿ ಬಹುಪಾಲು ಜನ ಅಳಿದುಹೋದರು.

ಆ ಒಡೆಯರೆಲ್ಲರೂ ಭಾನುವಾರ ತಪ್ಪದೆ ಬಲಿಪೂಜೆಗೆ ಬರುವವರು ಎಂಬುದನ್ನು ನಾವು ಗಮನಿಸಬೇಕು.

1511ರ ಆಗಮನ ಕಾಲದ ಪ್ರಬೋಧನೆ

1510ರಲ್ಲಿ ಪೆದ್ರೊ ದೆ ಕೊರ್ದೊಬಾ ಅವರ ನೇತೃತ್ವದಲ್ಲಿ ದೊಮಿನಿಕನ್ ಸಭೆಯ ಗುರುಗಳು ಹಿಸ್ಪಾನಿಯೋಲಾಕ್ಕೆ ಬಂದರು. ಒಂದು ವರ್ಷ ಅಲ್ಲಿಯ ಪರಿಸ್ಥಿತಿಯನ್ನು ನೋಡಿದ ಮೇಲೆ ಇನ್ನು ಸುಮ್ಮನಿರುವುದು ಪಾಪವೆಂದು ಅವರಿಗೆ ಮನವರಿಕೆಯಾಯಿತು. ಎಲ್ಲರೂ ಕೂಡಿ ಒಂದು ಪ್ರಬೋಧನೆಯನ್ನು ಬರೆದು, ಅದಕ್ಕೆ ಎಲ್ಲರೂ ಸಹಿ ಹಾಕಿ, ಅದನ್ನು ಹೇಳುವ ಹೊಣೆಯನ್ನು ಅಂತೋನಿಯೊ ದೆ ಮೊಂತೆಸಿನೊಸ್ ಎಂಬ ಗುರುವಿಗೆ ವಹಿಸಿದರು. 1511ರ ಡಿಸೆಂಬರ್ 21, ಆಗಮನ ಕಾಲದ ನಾಲ್ಕನೆಯ ಭಾನುವಾರ. ಕೊಲಂಬಸನ ಮಗ, ರಾಜ್ಯಪಾಲ ದಿಯೆಗೊ ಕೊಲಂಬಸ್ ಸೇರಿದಂತೆ ಊರಿನ ಗಣ್ಯರೆಲ್ಲ ಪೂಜೆಯಲ್ಲಿದ್ದರು. ಅಡವಿಯಲ್ಲಿ ಕೂಗುವ ಸ್ವರವಾದ ಸ್ನಾನಿಕ ಯೊವಾನ್ನರ ಬಗ್ಗೆ ಮಾತನಾಡುತ್ತಾ ಗುರುಗಳು ಒಡೆಯರನ್ನು ನೇರವಾಗಿ ಪ್ರಶ್ನಿಸಿದರು. ಯಾವ ಹಕ್ಕಿನಿಂದ ಈ ಜನರನ್ನು ಹೀಗೆ ದುಡಿಸುತ್ತೀರಿ, ಇವರೂ ಮನುಷ್ಯರಲ್ಲವೇ ಎಂದು ಕೇಳಿದರು.

ಗಣ್ಯರು ಸಿಟ್ಟಿನಿಂದ ಮಠಕ್ಕೆ ನುಗ್ಗಿ, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಒತ್ತಾಯಿಸಿದರು. ಮರುವಾರ ಅದೇ ಗುರು ಅದನ್ನೇ ಇನ್ನಷ್ಟು ಖಚಿತವಾಗಿ ಹೇಳಿದರು. ಮೂಲನಿವಾಸಿಗಳನ್ನು ಬಿಡದ ಒಡೆಯರಿಗೆ ಪಾಪಕ್ಷಮೆ ಕೊಡುವುದಿಲ್ಲ ಎಂದೂ ತಿಳಿಸಿದರು. ಈ ಗದ್ದಲ ಸ್ಪೇನಿನ ಅರಸರವರೆಗೂ ಮುಟ್ಟಿ, 1512ರಲ್ಲಿ ಬುರ್ಗೋಸ್ ಕಾನೂನುಗಳು ಬಂದವು. ಅವು ಕೆಲಸದ ನಿಯಮಗಳನ್ನು ಕೊಂಚ ಸಡಿಲಿಸಿದವೇ ಹೊರತು ಪದ್ಧತಿಯನ್ನು ಮುಟ್ಟಲಿಲ್ಲ.

ಆ ದಿನಗಳಲ್ಲಿ ಲಾಸ್ ಕಾಸಾಸ್ ಅವರು ದೊಮಿನಿಕನ್ ಗುರುವೊಬ್ಬರ ಬಳಿ ಪಾಪನಿವೇದನೆಗೆ ಹೋದರು. ಮೂಲನಿವಾಸಿಗಳನ್ನು ಇಟ್ಟುಕೊಂಡಿರುವ ಕಾರಣ ಆ ಗುರು ನಿವೇದನೆಯನ್ನು ಕೇಳಲು ಒಪ್ಪಲಿಲ್ಲ. ಲಾಸ್ ಕಾಸಾಸ್ ವಾದ ಮಾಡಿದರು, ಆದರೆ ಬದಲಾಗಲಿಲ್ಲ. ತಾನು ಇತರರಂತೆ ಕ್ರೂರಿಯಲ್ಲ, ತನ್ನ ಆಳುಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ ಎಂಬ ಸಮಾಧಾನ ಅವರಿಗಿತ್ತು. ಒಳ್ಳೆಯ ಒಡೆಯನ ಈ ಸಮಾಧಾನ ಕೆಟ್ಟ ಒಡೆಯನ ಕ್ರೌರ್ಯಕ್ಕಿಂತ ಗಟ್ಟಿಯಾದ ಗೋಡೆ. ಅದನ್ನು ದಾಟಲು ಅವರಿಗೆ ಮೂರು ವರ್ಷ ಹಿಡಿಯಿತು.

ಕ್ಯೂಬಾದಲ್ಲಿ ಕಂಡ ರಕ್ತಪಾತ

ಸ್ಪೇನಿಗರು ಕ್ಯೂಬಾ ದ್ವೀಪವನ್ನು ವಶಪಡಿಸಿಕೊಳ್ಳಲು ಹೋದಾಗ ಲಾಸ್ ಕಾಸಾಸ್ ಸೈನ್ಯದ ಗುರುವಾಗಿ ಜೊತೆಗಿದ್ದರು. ಕಾವೊನಾವೊ ಎಂಬ ಹಳ್ಳಿಯಲ್ಲಿ ಜನರು ಸೈನಿಕರಿಗೆ ಮೀನು, ರೊಟ್ಟಿ ತಂದುಕೊಟ್ಟು ಉಪಚರಿಸುತ್ತಿದ್ದಾಗಲೇ ಸೈನಿಕರು ಕತ್ತಿ ಹಿರಿದು ಸಿಕ್ಕವರನ್ನೆಲ್ಲ ಕಡಿದರು. ತಡೆಯಲು ಗುರುಗಳು ಓಡಾಡಿದರೂ ಫಲವಾಗಲಿಲ್ಲ. ಅದೇ ದ್ವೀಪದಲ್ಲಿ ಅತ್ವೆ ಎಂಬ ಮೂಲನಿವಾಸಿ ನಾಯಕನನ್ನು ಜೀವಂತ ಸುಟ್ಟರು. ಸಾಯುವ ಮುನ್ನ ದೀಕ್ಷಾಸ್ನಾನ ಪಡೆದರೆ ಸ್ವರ್ಗ ಸಿಗುತ್ತದೆ ಎಂದು ಅವನಿಗೆ ಹೇಳಲಾಯಿತು. ಸ್ಪೇನಿಗರೂ ಅಲ್ಲಿಗೇ ಹೋಗುತ್ತಾರೆಂದು ತಿಳಿದಾಗ ಅವನು ಆ ಸ್ವರ್ಗವೇ ಬೇಡವೆಂದು ತಿರಸ್ಕರಿಸಿದನು ಎಂದು ಲಾಸ್ ಕಾಸಾಸ್ ಮುಂದೆ ಬರೆದಿಟ್ಟರು. ಯೇಸುವಿನ ಹೆಸರು ಹೇಳುವವರ ನಡತೆಯಿಂದ ಯೇಸುವಿಗೇ ಆದ ಅಪಮಾನ ಇದಕ್ಕಿಂತ ಹೆಚ್ಚು ಇರಲಾರದು.

ಇಷ್ಟೆಲ್ಲ ಕಂಡ ಮೇಲೂ, ಸೇವೆಗೆ ಪ್ರತಿಫಲವಾಗಿ ಕ್ಯೂಬಾದಲ್ಲಿ ಸಿಕ್ಕ ಜಮೀನು ಮತ್ತು ಆಳುಗಳನ್ನು ಅವರು ಸ್ವೀಕರಿಸಿದರು. ಪೆದ್ರೊ ದೆ ರೆಂತೆರಿಯಾ ಎಂಬ ಸಜ್ಜನ ಗೆಳೆಯನೊಡನೆ ಪಾಲುದಾರಿಕೆಯಲ್ಲಿ ವ್ಯವಸಾಯ, ಚಿನ್ನದ ಕೆಲಸ ಎರಡನ್ನೂ ನಡೆಸಿದರು.

ಬಲಿಪೀಠದ ಮೇಲಿನ ರೊಟ್ಟಿ

1514ರ ಪಂಚಾಶತ್ತಮ ಹಬ್ಬ ಹತ್ತಿರ ಬಂತು. ಪ್ರಬೋಧನೆಗೆಂದು ಲಾಸ್ ಕಾಸಾಸ್ ಬೈಬಲ್ ತೆರೆದು ಸಿರಾಖನ ಗ್ರಂಥದ 34ನೆಯ ಅಧ್ಯಾಯವನ್ನು ಓದತೊಡಗಿದರು. ಅನ್ಯಾಯದಿಂದ ಗಳಿಸಿದ ಕಾಣಿಕೆಯನ್ನು ದೇವರು ಮೆಚ್ಚುವುದಿಲ್ಲ, ಬಡವರಿಂದ ಕಿತ್ತುಕೊಂಡದ್ದನ್ನು ಬಲಿಯಾಗಿ ಅರ್ಪಿಸುವುದು ತಂದೆಯ ಕಣ್ಣೆದುರಿಗೇ ಮಗನನ್ನು ಕೊಂದಂತೆ, ಕೂಲಿಯವನ ಕೂಲಿಯನ್ನು ತಡೆಹಿಡಿಯುವುದು ರಕ್ತ ಸುರಿಸುವುದಕ್ಕೆ ಸಮ ಎಂಬ ಅರ್ಥದ ಮಾತುಗಳು ಅಲ್ಲಿವೆ.

ತಾನು ದಿನವೂ ಕೈಯಲ್ಲಿ ಎತ್ತಿ ಅರ್ಪಿಸುವ ರೊಟ್ಟಿ, ದ್ರಾಕ್ಷಾರಸಗಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಅದು ಗಣಿಯಲ್ಲಿ, ಹೊಲದಲ್ಲಿ ಕೂಲಿಯಿಲ್ಲದೆ ದುಡಿದು ಸಾಯುವವರ ಬೆವರು. ತನ್ನ ಬಲಿಪೀಠದ ಮೇಲೆಯೇ ಬಡವರ ರಕ್ತವಿದೆ ಎಂದು ಕಂಡಾಗ, ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬ ಸಮಾಧಾನ ಉಳಿಯಲಿಲ್ಲ. ಕೆಲವು ದಿನ ಅವರು ಓದಿದರು, ಚಿಂತಿಸಿದರು, ಪ್ರಾರ್ಥಿಸಿದರು. ಅಂದು ಪಾಪಕ್ಷಮೆ ನಿರಾಕರಿಸಿದ ಆ ದೊಮಿನಿಕನ್ ಗುರುವಿನ ನೆನಪೂ ಬಂತು. ಕೊನೆಗೆ ಮೂಲನಿವಾಸಿಗಳನ್ನು ಹೀಗೆ ಇಟ್ಟುಕೊಳ್ಳುವುದೇ ಅನ್ಯಾಯ ಎಂಬ ನಿರ್ಧಾರಕ್ಕೆ ಬಂದರು.

ಅವರು ರಾಜ್ಯಪಾಲ ದಿಯೆಗೊ ವೆಲಾಸ್ಕೆಸ್ ಬಳಿಗೆ ಹೋಗಿ ತನಗೆ ಕೊಟ್ಟ ಆಳುಗಳನ್ನು ಬಿಟ್ಟುಕೊಡುತ್ತೇನೆ ಎಂದರು. ಶ್ರೀಮಂತನಾಗುವ ಹಾದಿಯಲ್ಲಿದ್ದ ಗುರುವಿನ ಈ ಮಾತು ಕೇಳಿ ರಾಜ್ಯಪಾಲ ಬೆರಗಾಗಿ, ಹದಿನೈದು ದಿನ ಯೋಚಿಸಿ ಬನ್ನಿ ಎಂದನು. ಆ ಹದಿನೈದು ದಿನ ಈಗಾಗಲೇ ಕಳೆದವೆಂದು ಎಣಿಸಿಕೊಳ್ಳಬೇಕೆಂದು ಗುರುಗಳು ಉತ್ತರಿಸಿದರು. 1514ರ ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ಪ್ರಬೋಧನೆಯಲ್ಲಿ ತನ್ನ ತಪ್ಪನ್ನು ಎಲ್ಲರಿಗೂ ತಿಳಿಸಿ, ಕೇಳಲು ಕುಳಿತವರೂ ಅದೇ ತಪ್ಪಿನಲ್ಲಿದ್ದಾರೆ ಎಂದು ಹೇಳಿದರು. ಜನ ದಿಗ್ಭ್ರಾಂತರಾದರು. ಹೊಲದಲ್ಲಿ ಎತ್ತು ಕಟ್ಟಬಾರದು ಎಂದರೆ ಹೇಗೆ ಅನಿಸೀತೋ, ಮೂಲನಿವಾಸಿಗಳನ್ನು ದುಡಿಸಬಾರದು ಎಂಬ ಮಾತು ಅವರಿಗೆ ಹಾಗೆ ಕೇಳಿಸಿತು.

ಗೆಳೆಯ ರೆಂತೆರಿಯಾ ಆಗ ಜಮೈಕಾದಲ್ಲಿದ್ದರು. ಅವರಿಗೂ ಅಲ್ಲಿ ಪ್ರಾರ್ಥನೆಯ ದಿನಗಳಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಏನಾದರೂ ಮಾಡಬೇಕು, ಸ್ಪೇನಿಗೆ ಹೋಗಿ ಅರಸರನ್ನು ಕೇಳಬೇಕು ಎಂಬ ಪ್ರೇರಣೆಯಾಗಿತ್ತು. ಇಬ್ಬರೂ ಭೇಟಿಯಾದಾಗ ಪರಸ್ಪರರ ಮಾತು ಕೇಳಿ ಆಶ್ಚರ್ಯಪಟ್ಟರು. ರೆಂತೆರಿಯಾ ಜಮೈಕಾದಿಂದ ತಂದ ಸರಕನ್ನು ಮಾರಿ ಬಂದ ಹಣವೇ ಲಾಸ್ ಕಾಸಾಸ್ ಅವರ ಪ್ರಯಾಣಕ್ಕೆ ನೆರವಾಯಿತು.

ಅಧಿಕಾರದ ಬಾಗಿಲಲ್ಲಿ

1515ರಲ್ಲಿ ಅದೇ ಮೊಂತೆಸಿನೊಸ್ ಗುರುವಿನ ಜೊತೆ ಲಾಸ್ ಕಾಸಾಸ್ ಸ್ಪೇನಿಗೆ ಬಂದು ಅರಸ ಫರ್ಡಿನಂಡರನ್ನು ಕಂಡರು. ಮುಂದಿನ ತಿಂಗಳೇ ಅರಸರು ತೀರಿಕೊಂಡರು. ಇಂಡೀಸ್ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಬಿಷಪ್ ಫೊನ್ಸೆಕಾ ಅವರೇ ಮೂಲನಿವಾಸಿಗಳ ದುಡಿಮೆಯಿಂದ ಲಾಭ ಪಡೆಯುತ್ತಿದ್ದವರು. ಕ್ಯೂಬಾದಲ್ಲಿ ಮೂರು ತಿಂಗಳಲ್ಲಿ ಸಾವಿರಾರು ಮಕ್ಕಳು ಸತ್ತ ವಿಷಯ ಹೇಳಿದಾಗ ಅವರು ಅದನ್ನು ತಳ್ಳಿಹಾಕಿದರು. ಅನ್ಯಾಯದ ಫಲ ಧರ್ಮಸಭೆಯ ಹಿರಿಯರ ಮನೆಯನ್ನೂ ಹೊಕ್ಕಿದೆ ಎಂದು ಲಾಸ್ ಕಾಸಾಸ್ ಆಗ ಅರಿತರು. ಆದರೆ 1516ರಲ್ಲಿ ಕಾರ್ಡಿನಲ್ ಸಿಸ್ನೆರೊಸ್ ಅವರನ್ನು ಇಂಡಿಯನ್ನರ ರಕ್ಷಕ ಎಂಬ ಹುದ್ದೆಗೆ ನೇಮಿಸಿದರು.

ಈ ಕಾಲದಲ್ಲಿಯೇ ಅವರಿಂದ ಒಂದು ದೊಡ್ಡ ತಪ್ಪು ನಡೆಯಿತು. ಮೂಲನಿವಾಸಿಗಳ ಭಾರ ಇಳಿಸಲು ಆಫ್ರಿಕಾದ ಗುಲಾಮರನ್ನು ತರಬಹುದು ಎಂದು ಅವರು ಸಲಹೆ ಕೊಟ್ಟರು. ಆಫ್ರಿಕಾದ ಗುಲಾಮರನ್ನು ತರುವ ವ್ಯಾಪಾರ ಅದಕ್ಕೂ ಮುಂಚೆಯೇ ಆರಂಭವಾಗಿತ್ತು, ಆದರೂ ಅವರ ಮಾತು ಅದಕ್ಕೆ ಬಲ ಕೊಟ್ಟಿತು. ಪೋರ್ಚುಗೀಸರು ಆಫ್ರಿಕಾದಲ್ಲಿ ಜನರನ್ನು ಎಂಥ ಅನ್ಯಾಯದಿಂದ ಹಿಡಿಯುತ್ತಾರೆ ಎಂದು ಮುಂದೆ ತಿಳಿದಾಗ ಅವರು ಬಹಳ ಪಶ್ಚಾತ್ತಾಪಪಟ್ಟರು. ಆಫ್ರಿಕನ್ನರ ಬಂಧನವೂ ಇಂಡಿಯನ್ನರ ಬಂಧನದಷ್ಟೇ ಅನ್ಯಾಯ ಎಂದು ತಮ್ಮ ಇತಿಹಾಸ ಗ್ರಂಥದಲ್ಲಿ ಬರೆದರು. ತನ್ನ ಅಜ್ಞಾನ ದೇವರ ನ್ಯಾಯತೀರ್ಪಿನಲ್ಲಿ ತನ್ನನ್ನು ಉಳಿಸುವುದೋ ಇಲ್ಲವೋ ಎಂಬ ಭಯವನ್ನೂ ಅಲ್ಲಿಯೇ ತೋಡಿಕೊಂಡರು. ಒಬ್ಬ ಬಡವನಿಗೆ ನ್ಯಾಯ ಕೊಡಲು ಹೋಗಿ ಇನ್ನೊಬ್ಬ ಬಡವನನ್ನು ಮರೆಯುವ ಅಪಾಯ ಎಲ್ಲ ಸಮಾಜಸೇವಕರಿಗೂ ಇದೆ.

1520ರ ನಂತರ ಇಂದಿನ ವೆನೆಜುವೇಲಾದ ಕುಮಾನಾ ಕರಾವಳಿಯಲ್ಲಿ ಶಾಂತಿಯುತ ನೆಲೆಯೊಂದನ್ನು ಕಟ್ಟಲು ಅವರು ಯತ್ನಿಸಿದರು. ಗುಲಾಮರನ್ನು ಹಿಡಿಯಲು ಬಂದ ಸ್ಪೇನಿಗರ ದಾಳಿಗಳಿಂದ ಕೆರಳಿದ ಮೂಲನಿವಾಸಿಗಳು ಅದನ್ನು ನಾಶಮಾಡಿದರು. ಸೋತು ಬಂದ ಲಾಸ್ ಕಾಸಾಸ್ 1522ರಲ್ಲಿ ದೊಮಿನಿಕನ್ ಸಭೆಯನ್ನು ಸೇರಿ ಕೆಲವು ವರ್ಷ ಓದು, ಪ್ರಾರ್ಥನೆ, ಬರವಣಿಗೆಯಲ್ಲಿ ಕಳೆದರು.

ಪ್ರೀತಿಯಿಂದ ಮಾತ್ರ ಶುಭಸಂದೇಶ

ಜನರನ್ನು ಕ್ರಿಸ್ತರೆಡೆಗೆ ಕರೆಯಲು ಪ್ರೀತಿ ಮತ್ತು ಮನವೊಲಿಕೆ ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದು ಅವರ ದೃಢ ನಂಬಿಕೆಯಾಯಿತು. 1537ರಲ್ಲಿ ಗ್ವಾಟೆಮಾಲಾದ ತುಸುಲುತ್ಲಾನ್ ಎಂಬ ಪ್ರದೇಶದಲ್ಲಿ ಅದನ್ನು ಮಾಡಿ ತೋರಿಸುವ ಅವಕಾಶ ಸಿಕ್ಕಿತು. ಸೈನಿಕರಿಗೆ ಮಣಿಯದ ಆ ಭಾಗಕ್ಕೆ ಯುದ್ಧದ ನಾಡು ಎಂದೇ ಹೆಸರಿತ್ತು. ಐದು ವರ್ಷ ಬೇರೆ ಸ್ಪೇನಿಗರು ಕಾಲಿಡಬಾರದು ಎಂಬ ಒಪ್ಪಂದ ಮಾಡಿಕೊಂಡು ಗುರುಗಳು ಆಯುಧವಿಲ್ಲದೆ ಹೋದರು. ಮೂಲನಿವಾಸಿಗಳ ಭಾಷೆಯಲ್ಲಿ ಹಾಡು ಕಟ್ಟಿ, ಊರೂರು ತಿರುಗುವ ಮೂಲನಿವಾಸಿ ವ್ಯಾಪಾರಿಗಳಿಗೆ ಕಲಿಸಿ ಕಳುಹಿಸಿದರು ಎಂದು ಪರಂಪರೆ ಹೇಳುತ್ತದೆ. ಯುದ್ಧದ ನಾಡು ಮುಂದೆ ವೆರಾ ಪಾಸ್, ಅಂದರೆ ನಿಜವಾದ ಶಾಂತಿ, ಎಂಬ ಹೆಸರು ಪಡೆಯಿತು.

ಅದೇ 1537ರ ಜೂನ್ 2ರಂದು ಜಗದ್ಗುರು ಮೂರನೆಯ ಪೌಲರು ಸುಬ್ಲಿಮಿಸ್ ದೇವುಸ್ ಎಂಬ ಆಜ್ಞಾಪತ್ರವನ್ನು ಹೊರಡಿಸಿದರು. ಮೂಲನಿವಾಸಿಗಳು ನಿಜವಾದ ಮನುಷ್ಯರು, ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದು ಎಂಬುದು ಅದರ ಸಾರ. 1542ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಹೊಸ ಕಾನೂನುಗಳನ್ನು ಜಾರಿಗೊಳಿಸಿದರು. ಇನ್ನು ಮುಂದೆ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಬಾರದು, ಒಡೆಯನು ಸತ್ತ ಮೇಲೆ ಅವರು ಅವನ ಮಕ್ಕಳಿಗೆ ಸೇರಬಾರದು ಎಂದಾಯಿತು. ಇದರ ಹಿಂದೆ ಲಾಸ್ ಕಾಸಾಸ್ ಅವರ ಶ್ರಮ ಬಹಳವಿತ್ತು. ಆದರೆ ಒಡೆಯರು ದಂಗೆಯೆದ್ದುದರಿಂದ 1545ರಲ್ಲಿ ವಾರಸುದಾರಿಕೆಯ ನಿಯಮವನ್ನು ಹಿಂದಕ್ಕೆ ಪಡೆಯಲಾಯಿತು.

ಪಾಪಕ್ಷಮೆಗೆ ಮುನ್ನ ಮರುಪಾವತಿ

ಶ್ರೀಮಂತವಾದ ಕುಸ್ಕೊ ಧರ್ಮಪ್ರಾಂತ್ಯವನ್ನು ಬೇಡವೆಂದ ಲಾಸ್ ಕಾಸಾಸ್ ಬಡ ಪ್ರಾಂತ್ಯವಾದ ಚಿಯಾಪಾಸಿಗೆ ಹೋಗಲು ಒಪ್ಪಿದರು. 1544ರ ಮಾರ್ಚ್ 30ರಂದು ಸೆವಿಲ್‌ನಲ್ಲಿ ಬಿಷಪ್ ದೀಕ್ಷೆ ಪಡೆದು, 1545ರಲ್ಲಿ ತಮ್ಮ ಧರ್ಮಪ್ರಾಂತ್ಯವನ್ನು ತಲುಪಿದರು. ಅದು ಇಂದಿನ ಮೆಕ್ಸಿಕೋ ದೇಶದ ದಕ್ಷಿಣದಲ್ಲಿದೆ.

ಅಲ್ಲಿ ಅವರು ತಂದ ನಿಯಮ ಒಂದೇ. ಮೂಲನಿವಾಸಿಗಳನ್ನು ಬಿಡುಗಡೆ ಮಾಡದ, ಅವರಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸದ ಒಡೆಯರಿಗೆ ಪಾಪಕ್ಷಮೆಯಿಲ್ಲ. ತಾನು ಯುವಕನಾಗಿದ್ದಾಗ ದೊಮಿನಿಕನ್ ಗುರುವಿನಿಂದ ಪಡೆದ ಕಹಿ ಔಷಧವನ್ನೇ ಈಗ ತನ್ನ ಹಿಂಡಿಗೆ ಕೊಟ್ಟರು. ಈಸ್ಟರ್ ಹಬ್ಬದ ಹೊತ್ತಿಗೆ ಊರಿನಲ್ಲಿ ಗಲಭೆಯಾಯಿತು. ಧರ್ಮಪ್ರಾಂತ್ಯದ ಹಿರಿಯ ಗುರುವೇ ನಿಯಮ ಮುರಿದು ಒಡೆಯರ ಪರ ನಿಂತರು. ಬಿಷಪರ ಮನೆಗೆ ಜನ ನುಗ್ಗಿದರು. ಇದು ಅತಿಯಾದ ಕಠೋರತೆ ಎಂದು ಅಂದೂ ಹೇಳಿದವರಿದ್ದರು, ಇಂದೂ ಹೇಳುವವರಿದ್ದಾರೆ. ಆದರೆ ಸುಂಕದವನಾದ ಜಕ್ಕಾಯನ ಮನೆಗೆ ಪ್ರಭು ಯೇಸು ಹೋದ ಪ್ರಸಂಗವನ್ನು ನೆನೆಯಿರಿ. ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು ಅವನು ಹೇಳಿದ ಮೇಲೆ ಆ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದರು.

1547ರಲ್ಲಿ ಅವರು ಸ್ಪೇನಿಗೆ ಮರಳಿದರು. ಮತ್ತೆ ಅಮೆರಿಕಕ್ಕೆ ಹೋಗಲಿಲ್ಲ. 1550ರಲ್ಲಿ ಬಿಷಪ್ ಪದವಿಯನ್ನೂ ಬಿಟ್ಟರು. ಅದೇ ವರ್ಷ ವಯ್ಯಾದೊಲಿದ್ ನಗರದಲ್ಲಿ ಪಂಡಿತ ಸೆಪುಲ್ವೆದಾ ಅವರೊಂದಿಗೆ ಪ್ರಸಿದ್ಧ ವಾದ ನಡೆಯಿತು. ಕೆಲವರು ಹುಟ್ಟಿನಿಂದಲೇ ಆಳಾಗಿರಲು ಯೋಗ್ಯರು ಎಂಬ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ವಾದವನ್ನು ಸೆಪುಲ್ವೆದಾ ಹಿಡಿದರು. ಲಾಸ್ ಕಾಸಾಸ್ ಐದು ದಿನ ತಮ್ಮ ಬರಹವನ್ನು ಓದಿ, ಎಲ್ಲ ಜನಾಂಗದವರೂ ಬುದ್ಧಿಯುಳ್ಳ ಮನುಷ್ಯರೇ ಎಂದು ಸಾಧಿಸಿದರು. ತೀರ್ಪುಗಾರರಿಂದ ಅಧಿಕೃತ ತೀರ್ಪು ಬರಲಿಲ್ಲ. ಆದರೆ ಚಕ್ರವರ್ತಿಯೊಬ್ಬ ತಾನು ಗೆಲ್ಲುತ್ತಿರುವ ಯುದ್ಧ ನ್ಯಾಯವೇ ಎಂದು ಕೇಳಲು ಅದನ್ನು ನಿಲ್ಲಿಸುವಂತೆ ಆದೇಶಿಸಿದ್ದು ಇತಿಹಾಸದಲ್ಲಿ ಅಪರೂಪದ ಸಂಗತಿ.

1552ರಲ್ಲಿ ಪ್ರಕಟವಾದ ಇಂಡೀಸ್ ವಿನಾಶದ ಕುರಿತ ಅವರ ಚಿಕ್ಕ ಪುಸ್ತಕ ಯೂರೋಪಿನ ಹಲವು ಭಾಷೆಗಳಿಗೆ ಅನುವಾದವಾಯಿತು. ಅದರಲ್ಲಿನ ಸಾವಿನ ಅಂಕಿಗಳು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಹೇಳುತ್ತಾರೆ. ಸ್ಪೇನಿನ ವೈರಿಗಳು ಅದನ್ನು ತಮ್ಮ ರಾಜಕೀಯಕ್ಕೆ ಬಳಸಿಕೊಂಡದ್ದೂ ನಿಜ. ಆದರೆ ಆ ಪುಸ್ತಕ ಹೇಳಿದ ಕ್ರೌರ್ಯ ನಡೆದದ್ದೇ. 1566ರ ಜುಲೈ 18ರಂದು ಮ್ಯಾಡ್ರಿಡ್‌ನ ಅತೋಚಾದ ದೊಮಿನಿಕನ್ ಮಠದಲ್ಲಿ ಅವರು ಕೊನೆಯುಸಿರೆಳೆದರು. ಅವರು ದಶಕಗಳ ಕಾಲ ಬರೆದ ಇಂಡೀಸ್ ಇತಿಹಾಸ ಗ್ರಂಥ ಅಚ್ಚಾದದ್ದು 1875ರಲ್ಲಿ. ಯಾವ ಊರಿನಲ್ಲಿ ಅವರ ಮನೆಗೆ ಜನ ನುಗ್ಗಿದರೋ ಅದೇ ಊರಿಗೆ ಇಂದು ಸಾನ್ ಕ್ರಿಸ್ತೊಬಾಲ್ ದೆ ಲಾಸ್ ಕಾಸಾಸ್ ಎಂದು ಅವರದೇ ಹೆಸರಿದೆ.

ನಮಗೇನು ಸಂದೇಶ?

ಲಾಸ್ ಕಾಸಾಸ್ ಅವರು ದುಡಿದು ಸೊರಗಿದ ಮೂಲನಿವಾಸಿಗಳಲ್ಲಿ ಕೊರಡೆ ಏಟು ತಿಂದ ಕ್ರಿಸ್ತರನ್ನೇ ಕಂಡರು. ಈ ದೃಷ್ಟಿಯೇ ನಾಲ್ಕು ಶತಮಾನಗಳ ನಂತರ ಪೆರು ದೇಶದ ಗುರು ಗುಸ್ತಾವೊ ಗುಟಿಯೆರೆಸ್ ಅವರಿಗೆ ಪ್ರೇರಣೆಯಾಯಿತು. ವಿಮೋಚನಾ ದೈವಶಾಸ್ತ್ರದ ಹಿರಿಯರಾಗಿದ್ದು 2024ರಲ್ಲಿ ನಿಧನರಾದ ಅವರು ಲಾಸ್ ಕಾಸಾಸ್ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಬೊಲಿವಿಯಾದಲ್ಲಿ ಮೂಲನಿವಾಸಿಗಳ ವಿರುದ್ಧ ನಡೆದ ಅಪರಾಧಗಳಿಗಾಗಿ ಕ್ಷಮೆ ಕೇಳಿದರು. ಲಾಸ್ ಕಾಸಾಸ್ ಒಬ್ಬರೇ ನಿಂತು ಹೇಳಿದ ಮಾತಿಗೆ ಧರ್ಮಸಭೆ ನಿಧಾನವಾಗಿಯಾದರೂ ಕಿವಿಗೊಟ್ಟಿದೆ.

ಪ್ರಿಯ ಓದುಗರೇ, ನಮ್ಮಲ್ಲಿ ಗಣಿಯೂ ಇಲ್ಲ, ಗುಲಾಮರೂ ಇಲ್ಲ ಎಂದು ನಾವು ಹೇಳಬಹುದು. ಆದರೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ಹಬ್ಬಕ್ಕೆ ಸೀರೆ ಕೊಟ್ಟು, ತಿಂಗಳ ಸಂಬಳವನ್ನು ವರ್ಷಗಟ್ಟಲೆ ಏರಿಸದಿರುವವರು ನಾವಿದ್ದೇವೆ. ತೋಟದ ಕೆಲಸಕ್ಕೆ, ಬೋಟಿನ ಕೆಲಸಕ್ಕೆ ದೂರದ ಊರುಗಳಿಂದ ಬಂದವರಿಗೆ ಊಟ ಬಡಿಸಿ, ಲೆಕ್ಕ ಮಾಡುವಾಗ ಕೂಲಿ ಹಿಡಿದಿಡುವವರು ಇದ್ದಾರೆ. ನಮ್ಮ ಸಂಸ್ಥೆಗಳಲ್ಲಿ, ಶಾಲೆಗಳಲ್ಲಿ, ಇಗರ್ಜಿಯಲ್ಲಿ ದುಡಿಯುವವರ ಸಂಬಳ, ರಜೆ, ಭವಿಷ್ಯನಿಧಿಯ ವಿಷಯವೂ ಇಲ್ಲಿಗೆ ಬರುತ್ತದೆ. ಇವರೆಲ್ಲರಿಗೆ ನಾವು ಕೆಟ್ಟವರಾಗಿಲ್ಲದಿರಬಹುದು. ಲಾಸ್ ಕಾಸಾಸ್ ಕೂಡ 1514ರವರೆಗೆ ಕೆಟ್ಟ ಒಡೆಯರಾಗಿರಲಿಲ್ಲ.

ಜನಾಂಗಗಳ ಅಧಿಪತಿಗಳು ದೊರೆತನ ನಡೆಸುವಂತೆ ನಿಮ್ಮಲ್ಲಿ ಆಗಬಾರದು ಎಂದು ಯೇಸು ಶಿಷ್ಯರಿಗೆ ಕಲಿಸಿದರು. ಈ ಬೋಧನೆ ರಾಜರಿಗೆ ಮಾತ್ರವಲ್ಲ, ಒಬ್ಬನೇ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ. ಮುಂದಿನ ಭಾನುವಾರ ಕಾಣಿಕೆಯ ಮೆರವಣಿಗೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳು ಬಲಿಪೀಠದತ್ತ ಸಾಗುವಾಗ, ನಾವು ಹಾಕುವ ಕಾಣಿಕೆಯಲ್ಲಿ ಯಾರಿಗಾದರೂ ಕೊಡಬೇಕಾದ ಬಾಕಿ ಸೇರಿದೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಸೇರಿದ್ದರೆ ಸೋಮವಾರವೇ ಅದನ್ನು ತೀರಿಸುವ ಮನಸ್ಸನ್ನು ಪವಿತ್ರಾತ್ಮರು ನಮಗೆ ದಯಪಾಲಿಸಲಿ.